ಸಹಾಯ ಬೇಕು: ಗೇಮಿಂಗ್ ಪಿಸಿಯಿಂದ ಸುಟ್ಟ ವಾಸನೆ, ಬಿಚ್ಚಿದರೆ ವಾರಂಟಿ ಹೋಗುತ್ತಂತೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ತಮ್ಮನಿಗೆ ಅಂತ ರೆಡಿಮೇಡ್ ಗೇಮಿಂಗ್ ಪಿಸಿ ತರಿಸಿದೆವು. ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ) 320 ವ್ಯಾಟ್‌ನದು, ಅದಕ್ಕೆ ಕರೆಂಟ್ ಕೊಡುವ ಕೇಬಲ್‌ನದು 16 ಪಿನ್ ಕನೆಕ್ಟರ್. ಮೊನ್ನೆ ಆಟದ ನಡುವೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ತಕ್ಷಣ ಪ್ಲಗ್ ಕಿತ್ತೆವು. ಆಮೇಲೆ ಆನ್ ಮಾಡಿಲ್ಲ.

ಪಿಸಿಯ ಗಾಜಿನ ಬಾಗಿಲಿಂದ ನೋಡಿದರೆ ಆ ಕೇಬಲ್ ಬುಡದಲ್ಲೇ ಬಾಗಿ ಗಾಜಿಗೆ ಒತ್ತಿಕೊಂಡಿದೆ. ಕನೆಕ್ಟರ್ ಪೂರ್ತಿ ಕೂತಿಲ್ಲ, ಒಂದು ಕಡೆ ಸಣ್ಣ ಸಂದು ಕಾಣುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಇಂಥದ್ದೇ ಕನೆಕ್ಟರ್ ಕರಗಿದ್ದು ನೆನಪಿರಬಹುದು. ಸರಿಯಾಗಿ ಕೂರದಿದ್ದರೆ ಕೆಲವೇ ಪಿನ್‌ಗಳ ಮೇಲೆ ಜಾಸ್ತಿ ಕರೆಂಟ್ ಹರಿದು ಬಿಸಿಯಾಗುತ್ತದೆ. 12 ವೋಲ್ಟ್‌ನಲ್ಲಿ 320 ವ್ಯಾಟ್ ಅಂದರೆ ಸುಮಾರು 27 ಆಂಪಿಯರ್, ಸುಮ್ನೆ ಮಾತಲ್ಲ.

ಬಾಗಿಲ ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಇಲ್ಲ ಅಂತಾರೆ ಮಾರಿದವರು. ಇಡೀ ಪಿಸಿ ಬೆಂಗಳೂರಿಗೆ ಕೊರಿಯರ್ ಮಾಡಬೇಕಂತೆ. ಅಷ್ಟು ಭಾರದ ಕಾರ್ಡ್ ಒಳಗಿಟ್ಟು ಕಳಿಸಿದರೆ ಕಾರ್ಡ್ ಕೂರುವ ಸ್ಲಾಟೇ ಮುರಿಯಬಹುದು, ಅಲ್ವಾ?

ಇಲ್ಲಿ ಅಥವಾ ಚಿತ್ರದುರ್ಗದಲ್ಲಿ ಇದನ್ನು ನೋಡಿ, ಫೋಟೊ ಸಮೇತ ಬರೆದುಕೊಡುವವರು ಇದ್ದಾರಾ? ಕಾರ್ಡ್ ತಯಾರಕರನ್ನೇ ನೇರವಾಗಿ ಕೇಳಬಹುದಾ? 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟವರಿದ್ದರೆ ಏನಾಯಿತು ಅಂತ ದಯವಿಟ್ಟು ತಿಳಿಸಿ. ಅಮ್ಮ ಮಲಗುವುದು ಅದೇ ರೂಮಿನಲ್ಲಿ, ನನಗೆ ಅದೇ ಭಯ.