‘ಚರ್ನ್’ ಪದಕ್ಕೆ ‘ಬಂದುಹೋಗುವಿಕೆ’ ಒಪ್ಪುವುದೇ?

ಎಲ್ಲರಿಗೂ ನಮಸ್ಕಾರ.

ಪೀರ್-ಟು-ಪೀರ್ ಜಾಲಗಳ, ಅಂದರೆ ನಡುವೆ ಕೇಂದ್ರ ಸರ್ವರ್ ಇಲ್ಲದೆ ಸದಸ್ಯರ ಕಂಪ್ಯೂಟರುಗಳೇ ನೇರವಾಗಿ ಒಂದಕ್ಕೊಂದು ಬೆಸೆದುಕೊಳ್ಳುವ ಜಾಲಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ ಹೆಜ್ಜೆಹೆಜ್ಜೆಗೂ ‘ಚರ್ನ್’ (churn) ಎಂಬ ಪದ ಎದುರಾಗುತ್ತದೆ. ನಿಘಂಟು ಕೊಡುವ ‘ಕಡೆಯುವುದು’, ‘ಮಥನ’ ಇಲ್ಲಿ ಸಲ್ಲವು. ಮಥನವೆಂದರೆ ಅದರಿಂದ ಏನೋ ಒಂದು ಹುಟ್ಟಬೇಕು. ಇಲ್ಲಿ ಸದಸ್ಯ ಕಂಪ್ಯೂಟರುಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ, ಅಷ್ಟೇ.

ಹೋಗುವವರು ಹೇಳಿಹೋಗುವುದಿಲ್ಲ ಎಂಬುದೇ ತೊಡಕಿನ ಮೂಲ. ಫೈಲ್ ಹಂಚಿಕೊಳ್ಳುವ ಇಂಥ ಜಾಲವಾದ ಬಿಟ್‌ಟೊರೆಂಟ್‌ನಲ್ಲಿ ಯಾವ ಫೈಲ್ ಯಾರ ಬಳಿ ಇದೆ ಎಂಬ ಮಾಹಿತಿಯನ್ನು ಸದಸ್ಯರೇ ಹಂಚಿಕೊಂಡು ಇಟ್ಟುಕೊಳ್ಳುವ ವ್ಯವಸ್ಥೆಯಿದೆ. ಒಬ್ಬರು ಲ್ಯಾಪ್‌ಟಾಪ್ ಮುಚ್ಚಿದರೆ ಅವರ ಪಾಲಿನ ಮಾಹಿತಿಯೂ ಕೈಗೆ ಸಿಗದು. ಈ ವ್ಯವಸ್ಥೆಗೆ ತಳಹದಿಯಾದ, 2002ರಲ್ಲಿ ಪ್ರಕಟವಾದ ಕಡೆಮ್ಲಿಯಾ ವಿಧಾನ ಒಂದೇ ಮಾಹಿತಿಯನ್ನು ಹಲವರಲ್ಲಿ ಇರಿಸುತ್ತದೆ, ಆಗಾಗ ಮತ್ತೆ ಹಂಚುತ್ತದೆ. ನನಗೆ ಬಹಳ ಹಿಡಿಸಿದ್ದು ಅದು ಹಳಬರಿಗೆ ಹಾಕುವ ಮಣೆ. ಸದಸ್ಯರೊಬ್ಬರು ಇಟ್ಟುಕೊಂಡ ಇತರರ ಸಂಪರ್ಕಪಟ್ಟಿ ತುಂಬಿರುವಾಗ ಹೊಸಬರು ಬಂದರೆ, ಬಹಳ ಹೊತ್ತಿನಿಂದ ಸದ್ದಿಲ್ಲದ ಹಳಬರನ್ನು ಮೊದಲು ಕೂಗಿ ನೋಡುತ್ತದೆ. ಓಗೊಟ್ಟರೆ ಹಳಬರೇ ಉಳಿಯುತ್ತಾರೆ, ಹೊಸಬರಿಗೆ ಜಾಗವಿಲ್ಲ. ಹೆಚ್ಚು ಹೊತ್ತು ಜಾಲದಲ್ಲಿದ್ದವರು ಇನ್ನೊಂದು ಗಂಟೆ ಇರುವ ಸಂಭವವೂ ಹೆಚ್ಚು ಎಂದು ನ್ಯುಟೆಲ್ಲಾ ಎಂಬ ಇನ್ನೊಂದು ಫೈಲ್ ಹಂಚಿಕೆ ಜಾಲದ ಅಳತೆಗಳು ತೋರಿಸಿದ್ದವು.

ಇನ್ನು ಪದಕ್ಕೆ ಬರುತ್ತೇನೆ. ‘ವೈಫಲ್ಯ’ ತಪ್ಪು, ಲ್ಯಾಪ್‌ಟಾಪ್ ಮುಚ್ಚಿದವರದು ಕೆಟ್ಟುಹೋದ ಯಂತ್ರವಲ್ಲ. ‘ಆಗಮನ-ನಿರ್ಗಮನ’ಕ್ಕೆ ವೇಳಾಪಟ್ಟಿಯ ವಾಸನೆ ಇದೆ. ‘ಹೋಗಿಬರುವಿಕೆ’ ಕಿವಿಗೆ ಇಂಪು, ಆದರೆ ನಾವು ‘ಹೋಗಿ ಬರುತ್ತೇನೆ’ ಎನ್ನುವಾಗ ಅಪ್ಪಣೆ ಕೇಳುವುದೂ ಇದೆ, ಮರಳುವ ಮಾತೂ ಇದೆ. ಈ ಸದಸ್ಯರಲ್ಲಿ ಎರಡೂ ಇಲ್ಲ. ಹೀಗಾಗಿ ‘ಬಂದುಹೋಗುವಿಕೆ’ಯತ್ತ ವಾಲಿದ್ದೇನೆ. ‘ಬಂದುಹೋಗುವಿಕೆಯ ದರ’, ‘ಬಂದುಹೋಗುವಿಕೆ ಹೆಚ್ಚಿದಾಗ’ ಎಂದು ವಾಕ್ಯದಲ್ಲಿ ತೊಡಕಿಲ್ಲದೆ ಕೂರುತ್ತದೆ. ಮೊಬೈಲ್ ಕಂಪನಿಗಳು ಗ್ರಾಹಕರ ವಿಷಯದಲ್ಲಿ ಹೇಳುವ ಚರ್ನ್ ಬೇರೆ. ಅದು ‘ಬಿಟ್ಟುಹೋಗುವಿಕೆ’, ಎರಡಕ್ಕೂ ಒಂದೇ ಪದ ಹೊಂದಿಸುವ ಹಟ ಬೇಡ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಅಲುಗಾಟದ ನಡುವೆಯೂ ಕೇಳಿದ್ದಕ್ಕೆ ಉತ್ತರ ಕೊಡುವ ಜಾಲದ ಗುಣವನ್ನು ‘ಸ್ಥಿರತೆ’ ಎನ್ನಲು ಮನಸ್ಸಿಲ್ಲ, ಏಕೆಂದರೆ ಅಲ್ಲಿ ಯಾವುದೂ ಸ್ಥಿರವಲ್ಲ. ‘ತಾಳಿಕೆ’ ಎನ್ನೋಣವೆಂದರೆ ಅದನ್ನು ಬಟ್ಟೆ, ಮರಮುಟ್ಟುಗಳು ಸವೆಯದೆ ಬಾಳುವುದಕ್ಕೆ ಬಳಸುತ್ತೇವೆ. ‘ತಾಳುಬಲ’ ಎಂದರೆ ಓದುಗರಿಗೆ ಕೂಡಲೇ ಹೊಳೆಯುತ್ತದೆಯೇ? ನಿಮ್ಮ ಕಡೆ ಇದಕ್ಕಿಂತ ಬಳಕೆಯ ಮಾತಿದ್ದರೆ, ಅದನ್ನು ಬಳಸುವ ವಾಕ್ಯದ ಸಮೇತ ದಯವಿಟ್ಟು ತಿಳಿಸಿ.