ಮುಚ್ಚಿದ ಕಸದ ಗುಡ್ಡೆ ಮೇಲೆ ಸೋಲಾರ್: ಕಂಬ ಹೂಳಬಹುದಾ?

ಪ್ರಶ್ನೆ: ಮಡಿಕೇರಿ ಕಡೆ ಹಳೇ ಕಸದ ಜಾಗ, ಎರಡು ಎಕರೆ, ಮಣ್ಣು ಮುಚ್ಚಿದ್ದಾರೆ. ಮಾಮೂಲಿನಂತೆ ಗುಂಡಿ ತೆಗೆದು ಕಂಬ ನಿಲ್ಲಿಸಬಹುದಾ? ಎಷ್ಟು ಕಿಲೋವ್ಯಾಟ್ ಕೂರುತ್ತೆ?

ಉತ್ತರ 1: ಗುಂಡಿ ತೆಗೆಯಲೇಬೇಡಿ. ನಿಯಮದಂತೆ ಮುಚ್ಚಿದ್ದರೆ ಮೇಲೆ 45 ಸೆಂ.ಮೀ. ಹುಲ್ಲು ಬೆಳೆಯುವ ಮಣ್ಣು, ಅದರಡಿ 15 ಸೆಂ.ಮೀ. ನೀರು ಬಸಿಯುವ ಪದರ, ಕೆಳಗೆ 60 ಸೆಂ.ಮೀ. ಜೇಡಿಮಣ್ಣು ಇರುತ್ತೆ. ಜೇಡಿ ತೂತಾದರೆ ನಮ್ಮ ಜೂನ್-ಜುಲೈ ಮಳೆಯೆಲ್ಲ ಕಸಕ್ಕಿಳಿದು, ಕೊಳೆನೀರಾಗಿ ತೋಡಿಗೆ ಬರುತ್ತೆ. ಕಾಂಕ್ರೀಟ್ ಬ್ಲಾಕ್‌ಗಳ ಭಾರದಿಂದಲೇ ನಿಲ್ಲುವ ಸ್ಟ್ರಕ್ಚರ್ ಮಾಡಿಸಿ. ಆ ಭಾರ ಗಾಳಿಯ ಒತ್ತಡದ ಲೆಕ್ಕದಿಂದ ಬರಬೇಕು, ಮೇಸ್ತ್ರಿಯ ಅಂದಾಜಿನಿಂದಲ್ಲ. 1 ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ಇಳಿಜಾರು ಅಂಚು ಬಿಟ್ಟರೆ ನಿಮ್ಮಲ್ಲಿ 300 ಕಿಲೋವ್ಯಾಟ್ ಆಸುಪಾಸು.

ಉತ್ತರ 2: ಕಸ ಕೊಳೆತಂತೆ ನೆಲ ಒಂದೊಂದು ಕಡೆ ಒಂದೊಂದು ಥರ ಕುಸಿಯುತ್ತೆ. ಉದ್ದ ಸಾಲು ಕಟ್ಟಿದರೆ ಚೌಕಟ್ಟು ತಿರುಚಿ ಗಾಜು ಬಿರುಕು ಬಿಡುತ್ತೆ. ಸಾಲು ಚಿಕ್ಕದಿರಲಿ, ಎತ್ತರ ಹೊಂದಿಸುವ ಕಾಲು ಇರಲಿ. ಕೇಬಲ್ ನೆಲದ ಮೇಲಿನ ಟ್ರೇಯಲ್ಲಿ, ಸ್ವಲ್ಪ ಸಡಿಲವಾಗಿ. ಇನ್ವರ್ಟರ್ ಗುಡ್ಡೆಯಿಂದ ಆಚೆಗೆ: ಕೊಳೆಯುವ ಕಸದಿಂದ ಬರುವ ಮೀಥೇನ್ ಅನಿಲ ಗಾಳಿಯಲ್ಲಿ ಶೇ. 5ರಿಂದ 15 ಇದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು.

ಉತ್ತರ 3: ನಿಯಮದಂತೆ ಮುಚ್ಚಿದ್ದಾ, ಬರೀ ಮಣ್ಣು ಚೆಲ್ಲಿದ್ದಾ? ಎರಡನೆಯದಾದರೆ ಮೊದಲು ಬಯೋಮೈನಿಂಗ್ (ಹಳೇ ಕಸ ಅಗೆದು, ಬೇರ್ಪಡಿಸಿ ಸಾಗಿಸುವುದು) ಮಾಡಿಸಿ; ಕಸ ಪೂರ್ತಿ ಖಾಲಿಯಾದ ಜಾಗದಲ್ಲಿ ಮಣ್ಣು ಪರೀಕ್ಷಿಸಿ ಕಂಬವನ್ನೇ ಹೂಳಬಹುದು. ಹತ್ತಿರದ ಲೈನ್ ಎಷ್ಟು ಲೋಡ್ ತಾಳುತ್ತೆ ಅಂತ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಈಗಲೇ ವಿಚಾರಿಸಿ, ಟೆಂಡರ್ ಆದಮೇಲಲ್ಲ.