ಎಂಜಿನ್ನಿನ ‘ಮಿಸ್ಸಿಂಗ್’, ‘ಹಂಟಿಂಗ್’ ಮತ್ತು ಕಳ್ಳಗಾಳಿ: ಕೆಲವು ಪದಗಳ ವಿಚಾರ

ಪದಾಸಕ್ತರೆಲ್ಲರಿಗೆ ಧಾರವಾಡದಿಂದ ನಮಸ್ಕಾರಗಳು.

ಹುಬ್ಬಳ್ಳಿಯ ಪರಿಚಿತ ಗ್ಯಾರೇಜೊಂದರ ಹುಡುಗರಿಗಾಗಿ ಹಳೆಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳ ದುರಸ್ತಿಯನ್ನು ಕುರಿತು ಕನ್ನಡದಲ್ಲಿ ಕೆಲವು ಪುಟಗಳ ಟಿಪ್ಪಣಿ ಬರೆಯುತ್ತಿದ್ದೇನೆ. ಅಲ್ಲಿಗೆ ಬಂದಿರುವ, 1980ರ ದಶಕದ ಆರು ಸಿಲಿಂಡರಿನ ಜರ್ಮನ್ ಕಾರೊಂದು ಈ ಕೆಲಸಕ್ಕೆ ನೆಪ. ನಿಲ್ಲಿಸಿ ಚಾಲೂ ಇಟ್ಟಾಗ ಅದರ ಎಂಜಿನ್ ಸಮನಾಗಿ ಓಡುವುದಿಲ್ಲ. ಬಾನೆಟ್ಟಿನ ಮೇಲಿಟ್ಟ ಚಹಾದ ಲೋಟ ತಾನೇ ಸರಿದು ಅಂಚಿಗೆ ಬರುತ್ತದೆ. ಈ ಸ್ಥಿತಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬಲ್ಲಿಯೇ ನನ್ನ ಬರವಣಿಗೆ ನಿಂತಿದೆ.

ಮೊದಲು ನಾನು ಬರೆದದ್ದು ‘ಒರಟು ಚಾಲನೆ’. ಅದನ್ನು ಓದಿದ ಹಿರಿಯ ಮೆಕ್ಯಾನಿಕರು, “ಸರ, ಇದು ಡ್ರೈವರ್‌ಗ ಬೈದಂಗ ಆತಲ್ರಿ” ಎಂದರು. ಅವರ ಆಕ್ಷೇಪ ಸರಿಯಾದದ್ದು. ಚಾಲನೆ ಎಂದರೆ ನಡೆಸುವುದು, ನಡೆಸುವುದಕ್ಕೆ ಒಬ್ಬ ಚಾಲಕ ಬೇಕು. ನಿಂತ ಗಾಡಿಯೊಳಗೆ ತನ್ನಷ್ಟಕ್ಕೆ ಓಡುತ್ತಿರುವ ಎಂಜಿನ್ನಿನ ಓಟ ಆ ಪದದ ಹಿಡಿತಕ್ಕೆ ಸಿಗುವುದಿಲ್ಲ. ‘ಒರಟು’ ಕೂಡ ನಮ್ಮಲ್ಲಿ ಬಟ್ಟೆಗೆ, ಅಂಗೈಗೆ, ಮಾತಿಗೆ, ಸ್ವಭಾವಕ್ಕೆ ಸಲ್ಲುವ ಪದವೇ ಹೊರತು ಲಯ ಕೆಟ್ಟ ಓಟಕ್ಕೆ ಸಲ್ಲುವುದಲ್ಲ. ಆ ಶೀರ್ಷಿಕೆಯನ್ನು ಹೊಡೆದುಹಾಕಿದೆ.

ನಾನು ಒಂದು ಪದವನ್ನು ಹುಡುಕುತ್ತಿದ್ದರೆ ಗ್ಯಾರೇಜಿನಲ್ಲಿ ಎರಡು ಬೇರೆ ಬೇರೆ ದೂರುಗಳಿಗೆ ಎರಡು ಮಾತುಗಳಿದ್ದವು. ಒಂದು, ‘ಮಿಸ್ಸಿಂಗ್ ಹೊಡೀತೈತಿ’. ಇದರ ವ್ಯಾಕರಣ ಸ್ವಾರಸ್ಯಕರವಾಗಿದೆ: ಗೊರಕೆ ಹೊಡೆ, ವಾಸನೆ ಹೊಡೆ ಎಂಬಲ್ಲಿ ಇರುವ ಹಾಗೆ, ಕರ್ತೃವಿನ ಇಚ್ಛೆಯಿಲ್ಲದೆ ಆಗುವುದನ್ನು ಹೇಳುವ ‘ಹೊಡೆ’ ಇಲ್ಲಿ ಇಂಗ್ಲಿಷಿನ ಪದಕ್ಕೆ ಕ್ರಿಯೆಯ ಬಲ ಕೊಟ್ಟಿದೆ. ಆರರಲ್ಲಿ ಯಾವುದೋ ಒಂದು ಸಿಲಿಂಡರು ತನ್ನ ಸರದಿ ಬಂದಾಗ ಉರಿಯದಿದ್ದರೆ ಅದು ಮಿಸ್ಸಿಂಗ್. ಪ್ಲಗ್ಗಿನ ವೈರುಗಳನ್ನು, ಶಾಕ್ ಹೊಡೆಯದಂತೆ ರಬ್ಬರಿನ ಹಿಡಿಕೆಯ ಇಕ್ಕಳದಿಂದ, ಒಂದೊಂದಾಗಿ ಬಿಚ್ಚುತ್ತ ಹೋದರೆ ಯಾವುದನ್ನು ಬಿಚ್ಚಿದಾಗ ಎಂಜಿನ್ನಿನ ಓಟದಲ್ಲಿ ವ್ಯತ್ಯಾಸವೇ ಆಗುವುದಿಲ್ಲವೋ ಆ ಸಿಲಿಂಡರಿನಲ್ಲೇ ದೋಷವಿದೆ ಎಂದು ತಿಳಿಯುತ್ತದೆ. ಇದಕ್ಕೆ ‘ತಾಳ ತಪ್ಪು’ ಎಂಬುದು ನನ್ನ ಸೂಚನೆ. ಧಾರವಾಡದವನಾದ್ದರಿಂದ ಸಂಗೀತದ ಕಡೆಗೆ ವಾಲಿದೆನೆಂದು ನೀವು ನಗಬಹುದು. ಆದರೆ ಆರು ಸಿಲಿಂಡರಿನ ಎಂಜಿನ್ನಿಗೂ ಆರು ಮಾತ್ರೆಯ ದಾದರಾ ತಾಳಕ್ಕೂ ಲೆಕ್ಕ ಕೂಡುತ್ತದೆ, ಪ್ರತಿ ಆವರ್ತನದಲ್ಲಿ ಅದೇ ಒಂದು ಮಾತ್ರೆ ಬಿಟ್ಟುಹೋಗುತ್ತಿರುತ್ತದೆ. ಒಂದು ತೊಡಕನ್ನು ನಾನೇ ಹೇಳಿಬಿಡುತ್ತೇನೆ. ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಸಿಲಿಂಡರಿನ ಸರದಿ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಸುಮಾರು ಏಳು ಸಲ ಬರುತ್ತದೆ; ತಪ್ಪಿದ ಮಾತ್ರೆಗಳನ್ನು ಕಿವಿ ಎಣಿಸಲಾರದು, ಮೈಗೆ ಅದು ನಡುಕವಾಗಿಯಷ್ಟೇ ತಾಗುತ್ತದೆ. ಹಾಗಿದ್ದರೂ ‘ನಡುಕ’ ಎಂದು ಬರೆಯಲು ಮನಸ್ಸು ಒಪ್ಪದು, ಏಕೆಂದರೆ ಎಂಜಿನ್ನನ್ನು ಹೊತ್ತ ರಬ್ಬರು ಹರಿದರೂ ಗಾಡಿ ನಡುಗುತ್ತದೆ.

ಎರಡನೆಯದು ‘ಹಂಟಿಂಗ್’. ಇದನ್ನು ಬೇಟೆ ಎಂದು ಕನ್ನಡಿಸುವ ಸಾಹಸಕ್ಕೆ ಯಾರೂ ಕೈಹಾಕದಿರಲಿ. ಯಾರೂ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ನಿನ ವೇಗ ಏರಿ, ಇಳಿದು, ಇನ್ನೇನು ಬಂದ್ ಬೀಳುತ್ತದೆ ಎನ್ನುವಷ್ಟರಲ್ಲಿ ಮತ್ತೆ ಏರುವುದು ಇದರ ಲಕ್ಷಣ. ಅದೇ ಮೆಕ್ಯಾನಿಕರು ನಮ್ಮ ಕಾರಿನ ಮೇಲೆ ಕೈಯಿಟ್ಟು, “ಇದು ಮಿಸ್ಸಿಂಗ್ ಅಲ್ರಿ ಸರ, ಇದಕ್ಕ ದಮ್ಮು ಹತ್ತೈತಿ” ಎಂದಿದ್ದರು. ಆ ಮಾತಿನ ಮುಂದೆ ನನ್ನ ‘ಏರಿಳಿತ’ ಸಪ್ಪೆಯಾಗಿ ಕಾಣುತ್ತದೆ. ಬರಹದ ಕನ್ನಡಕ್ಕೆ ‘ತೇಕು’ ಒಗ್ಗೀತೆಂದು ತೋರುತ್ತದೆ: ಎಂಜಿನ್ ತೇಕುತ್ತದೆ, ಎಂಜಿನ್ನಿನ ತೇಕು. ದಮ್ಮು ಎಂಬ ಹೋಲಿಕೆ ರೋಗನಿದಾನದಲ್ಲಿಯೂ ಹುಸಿಯಾಗಲಿಲ್ಲ, ದೋಷವಿದ್ದದ್ದು ಗಾಳಿಯ ಹಾದಿಯಲ್ಲಿಯೇ.

ನನ್ನ ಮುಖ್ಯ ಪ್ರಶ್ನೆ ಇರುವುದು ಇಲ್ಲಿ. ಈ ಕಾರಿನಲ್ಲಿರುವುದು ಜರ್ಮನಿಯ ಬಾಷ್ ಕಂಪನಿಯವರು 1970ರ ದಶಕದಲ್ಲಿ ತಂದ ಕೆ-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ. ‘ಕೆ’ ಎಂಬುದು ನಿರಂತರ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ. ಡೀಸೆಲ್ ನಾಝಲ್‌ನಂತೆ ಸಮಯ ನೋಡಿ ಚಿಮ್ಮದೆ ಇದರ ಇಂಜೆಕ್ಟರುಗಳು ಎಂಜಿನ್ ಓಡುವಷ್ಟು ಹೊತ್ತೂ ಪೆಟ್ರೋಲನ್ನು ಸಿಂಪಡಿಸುತ್ತಲೇ ಇರುತ್ತವೆ. ಎಷ್ಟು ಸಿಂಪಡಿಸಬೇಕೆಂಬುದನ್ನು ನಿಶ್ಚಯಿಸುವುದು ಗಾಳಿಯ ದಾರಿಯಲ್ಲಿರುವ ಒಂದು ತಟ್ಟೆ. ಒಳಹೋಗುವ ಗಾಳಿ ಅದನ್ನು ಎಷ್ಟು ಎತ್ತುತ್ತದೋ ಅಷ್ಟಕ್ಕೆ ತಕ್ಕಂತೆ ಪೆಟ್ರೋಲು ಬಿಡುಗಡೆಯಾಗುತ್ತದೆ. ತಟ್ಟೆಯನ್ನು ದಾಟಿದ ಮೇಲೆ, ಬಿರಿದ ರಬ್ಬರು ಕೊಳವೆಯ ಮೂಲಕವೋ ಇಂಜೆಕ್ಟರಿನ ಬುಡದ ಒಣಗಿದ ಉಂಗುರದ ಮೂಲಕವೋ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದರ ಪಾಲಿನ ಪೆಟ್ರೋಲು ಬರುವುದಿಲ್ಲ, ಗಾಳಿ-ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ. ನಿಂತಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆಯಾದ್ದರಿಂದ ಈ ಲೆಕ್ಕತಪ್ಪಿದ ಗಾಳಿಯ ಪಾಲು ದೊಡ್ಡದಾಗಿ ತೇಕು ಹೆಚ್ಚು. ಆಕ್ಸಿಲರೇಟರ್ ಒತ್ತಿದಾಗ ಆ ಪಾಲು ಸಣ್ಣದಾಗಿ ಓಟ ಸುಧಾರಿಸುತ್ತದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತೆರೆಯುವುದು ಇದರ ಸುಲಭ ಪರೀಕ್ಷೆ; ಆ ಬಾಯಿಂದ ಒಳಬರುವ ಗಾಳಿಯೂ ತಟ್ಟೆಯ ಲೆಕ್ಕಕ್ಕೆ ಸಿಗದೆ ಎಂಜಿನ್ನನ್ನು ಸೇರುತ್ತದೆ. ಬೇರೆಲ್ಲೂ ಬಿರುಕಿಲ್ಲದ ಎಂಜಿನ್ ಆ ಹೊಸ ಗಾಳಿಗೆ ತತ್ತರಿಸಬೇಕು ಅಥವಾ ನಿಂತೇ ಹೋಗಬೇಕು. ನಮ್ಮದು ಇದ್ದ ಹಾಗೆಯೇ ಓಡುತ್ತಿತ್ತು, ಅಂದರೆ ಬಿರುಕು ಬೇರೆಲ್ಲೋ ಮೊದಲೇ ಇತ್ತು.

ಇದನ್ನು ‘ಗಾಳಿ ಸೋರಿಕೆ’ ಎಂದು ಬರೆದರೆ ಓದುವ ಹುಡುಗ ಹೊರಕ್ಕೆ ಹೋಗುವ ಗಾಳಿಯನ್ನು ಹುಡುಕುತ್ತಾನೆ. ಮಾಳಿಗೆ ಸೋರಿದರೆ ನೀರು ಒಳಗೇ ಬರುತ್ತದಲ್ಲವೇ ಎಂದು ಶಿಶುನಾಳದ ಸೀಮೆಯವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೂ ಟೈರು, ಗ್ಯಾಸ್ ಸಿಲಿಂಡರು, ಪೈಪುಗಳ ಸಹವಾಸದಲ್ಲಿ ಬೆಳೆದವನ ಕಿವಿಗೆ ಸೋರುವುದೆಂದರೆ ಹೊರಗೆ ಹೋಗುವುದೇ. ಜರ್ಮನರು ಇದನ್ನು ‘ಸುಳ್ಳು ಗಾಳಿ’ ಎಂಬರ್ಥದ ‘ಫಾಲ್ಷ್‌ಲುಫ್ಟ್’ ಎಂಬ ಪದದಿಂದ ಕರೆಯುತ್ತಾರೆ. ಕನ್ನಡದಲ್ಲಿ ಗಾಳಿ ಸುಳ್ಳಾಡುವುದು ಹೊಂದುವುದಿಲ್ಲ, ಕದ್ದು ನುಗ್ಗುವುದು ಹೊಂದುತ್ತದೆ. ಕಳ್ಳಹಾದಿ, ಕಳ್ಳಬಟ್ಟಿಗಳ ಸಾಲಿನಲ್ಲಿ ‘ಕಳ್ಳಗಾಳಿ’ಯನ್ನು ನಿಲ್ಲಿಸಿದ್ದೇನೆ. ಕಳ್ಳಬಟ್ಟಿಯ ದೋಷವೂ ಅದು ಸಾರಾಯಿಯಲ್ಲವೆಂಬುದಲ್ಲ, ಲೆಕ್ಕಕ್ಕೆ ಸಿಗದ್ದು ಎಂಬುದು.

ಬಲ್ಲವರು ದಯವಿಟ್ಟು ಈ ವಿಷಯಗಳನ್ನು ತಿಳಿಸಬೇಕು. ‘ತೇಕು’ವನ್ನು ಯಂತ್ರಕ್ಕೆ ಬಳಸಿದ್ದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ, ಅಥವಾ ಅದು ಉಸಿರಿರುವ ಪ್ರಾಣಿಗಷ್ಟೇ ಮೀಸಲೇ? ‘ಕಳ್ಳಗಾಳಿ’ಗೆ ನಿಮ್ಮ ಕಡೆ ಬೇರೆ ಅರ್ಥವೇನಾದರೂ ಇದ್ದು ಗೊಂದಲವಾದೀತೇ? ಗದಗ, ಹಾವೇರಿಗಳ ಹಳ್ಳಿಗಳಲ್ಲಿ ಆಯಿಲ್ ಎಂಜಿನ್ನಿನಿಂದ ಹಿಟ್ಟಿನ ಗಿರಣಿ ನಡೆಸಿದ ಮನೆತನದವರು ಇಲ್ಲಿದ್ದರೆ, ಎಂಜಿನ್ ನಡುನಡುವೆ ಹೊಡೆತ ಬಿಟ್ಟಾಗ ಹಿರಿಯರು ಏನೆನ್ನುತ್ತಿದ್ದರೆಂಬುದನ್ನು ಅವರು ಆಡುತ್ತಿದ್ದ ಮಾತಿನಲ್ಲಿಯೇ ಬರೆದು ಕಳಿಸಿ.